ಇಪ್ಪತ್ತೊಂದು ಗೇರು, ಒಂದು ಜೊತೆ ಹವಾಯಿ ಚಪ್ಪಲಿ

ಕಾರಿನ ಬೆನ್ನಿಗೆ ಸೈಕಲ್ಲು ಕಟ್ಟಿಕೊಂಡು ಮಲೆನಾಡಿನ ಕಡೆ ಹೊರಟವನನ್ನು ಕಂಡರೆ ದಾರಿಯ ಜನಕ್ಕೆ ಹೊಳೆಯುವುದು ಒಂದೇ: ಪಾಪ, ರಿಪೇರಿಗೆ ಒಯ್ಯುತ್ತಿದ್ದಾನೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ನಿಲ್ಲಿಸಿದಾಗ ಹೋಟೆಲಿನ ಯಜಮಾನರು ಹೊರಗೆ ಬಂದು, ಸೈಕಲ್ಲಿಗೆ ಒಂದು ಪ್ರದಕ್ಷಿಣೆ ಹಾಕಿ, "ಮೂಡಿಗೆರೇಲೇ ಮೆಕ್ಯಾನಿಕ್ ಇದ್ರಲ್ಲ ಸಾರ್, ದಾಟಿ ಬಂದ್ಬಿಟ್ರಿ" ಎಂದು ಮರುಗಿದರು. ನನ್ನ ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ನಗು ತಡೆಯುವಾಗ ಅವಳು ದೋಸೆ ತಿನ್ನುವ ವೇಗ ಹೆಚ್ಚುತ್ತದೆ.

ನಾವು ಹೊರಟಿದ್ದು ಅವಳ ದೊಡ್ಡಮ್ಮನ ಮನೆಗೆ. ಕಳಸದಿಂದ ಕುದುರೆಮುಖದ ಕಡೆ ಹೋಗುವಾಗ ಸಂಸೆ ಸಿಗುತ್ತದೆ, ಅಲ್ಲಿಂದ ಒಳಗೆ, ತೋಟದ ನಡುವೆ ಒಂಟಿ ಮನೆ. ವರ್ಷಗಳಿಂದ ಕರೆಯುತ್ತಿದ್ದರು. ನಾನು ಹೋಗಲು ಒಪ್ಪಿದ್ದು ಮಾತ್ರ ನೆಂಟಸ್ತಿಕೆಗಲ್ಲ, ಆರೋಗ್ಯಕ್ಕೆ. ಶಾಂತಿ, ಚಾರಣ, ಸೈಕಲ್ಲು ಎಂಬ ಮೂರಂಶದ ಕಾರ್ಯಕ್ರಮ ಹಾಕಿಕೊಂಡು, ಅದಕ್ಕೆ ತಕ್ಕ ಸಾಮಾನನ್ನೂ ಕೊಂಡಿದ್ದೆ. ಹಿಮಾಲಯಕ್ಕೂ ಸಾಕಾಗುವಷ್ಟು ದಪ್ಪ ಅಟ್ಟೆಯ ಬೂಟು. ಉದ್ದ ಗಿಡ್ಡ ಮಾಡಬಹುದಾದ ಎರಡು ಕೋಲು. ಬೆನ್ನ ಚೀಲದಿಂದ ನಳಿಗೆಯಲ್ಲಿ ನೀರು ಹೀರುವ ವ್ಯವಸ್ಥೆ. ಎದೆಬಡಿತ ಎಣಿಸುವ ಕೈಗಡಿಯಾರ. "ಲಿಫ್ಟ್ ಕೆಟ್ಟ ದಿನ ಮೂರನೇ ಮಹಡಿ ಹತ್ತಬೇಕಲ್ಲ ಅಂತ ಕೆಳಗೇ ಹೋಟೆಲಲ್ಲಿ ಊಟ ಮುಗಿಸಿದವರು ನೀವು" ಎಂದು ಹೆಂಡತಿ ನೆನಪಿಸಿದಳು. ಅದು ಮಹಡಿ, ಇದು ಪ್ರಕೃತಿ ಎಂದೆ.

ಪ್ರಕೃತಿ ಎಂದರೆ ನನ್ನ ಲೆಕ್ಕದಲ್ಲಿ ಕುದುರೆಮುಖ ಶಿಖರ, 1894 ಮೀಟರು. ಚಾರಣ ಸಂಸೆಯ ಹತ್ತಿರದ ಮುಳ್ಳೋಡಿಯಿಂದ ಶುರು. ಇದು 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನದ ಒಳಗಿರುವುದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇದೆ, ಮುಂಚೆಯೇ ಆನ್‌ಲೈನಿನಲ್ಲಿ ಕಾಯ್ದಿರಿಸಬೇಕು. ನಾನು ಬೂಟು ಕೊಂಡು, ಬೂಟು ಸವೆಸಲು ಮನೆಯೊಳಗೇ ಠಳಠಳ ಓಡಾಡಿ, ಕೆಳಮನೆಯವರಿಂದ ದೂರು ಬಂದು, ಆಮೇಲೆ ಕಾಯ್ದಿರಿಸಲು ಕೂತೆ. ಅಷ್ಟರಲ್ಲಿ ಭರ್ತಿಯಾಗಿತ್ತು.

ದೊಡ್ಡಪ್ಪನಿಗೆ ಇದನ್ನು ವಿವರಿಸುವುದೇ ಕಷ್ಟವಾಯಿತು. "ಗುಡ್ಡ ಹತ್ತಲಿಕ್ಕೆ ದುಡ್ಡು ಕೊಡ್ಬೇಕಾ ಅಳಿಯಂದ್ರೇ? ನಮಗೆ ಹತ್ತಿದ್ದಕ್ಕೆ ಯಾರೂ ಕೊಡ್ಲಿಲ್ಲ ಮಾರಾಯ್ರೆ" ಎಂದರು. ಸಣ್ಣವರಿದ್ದಾಗ ತಪ್ಪಿಸಿಕೊಂಡ ದನ ಹುಡುಕುತ್ತ ಅಲ್ಲೆಲ್ಲ ಅಲೆದಿದ್ದರಂತೆ. ನೋಟ ಹೇಗಿತ್ತು ಎಂದು ಕೇಳಿದೆ. ದನ ಸಿಗಲಿಲ್ಲ ಎಂದರು.

ಅಂಗಳದಲ್ಲಿ ಸೈಕಲ್ಲು ಇಳಿಸಿದಾಗ ಅಡಿಕೆ ಕೊಯ್ಲಿಗೆ ಬಂದವರೆಲ್ಲ ಸುತ್ತ ನಿಂತರು. ಎಷ್ಟು ಕೊಟ್ರಿ ಎಂದರು. ಹೇಳಿದೆ, ಹೆಂಡತಿಗೆ ಕೇಳಿಸದಂತೆ. ಅವರು ತನಿಖೆಗಿಳಿದರು. ಕ್ಯಾರಿಯರ್ ಇಲ್ಲ. ಸ್ಟ್ಯಾಂಡ್ ಇಲ್ಲ. ಮಡ್‌ಗಾರ್ಡ್ ಇಲ್ಲ. ಬೆಲ್ಲೂ ಇಲ್ಲ. ಅಷ್ಟು ದುಡ್ಡು ಇಸ್ಕೊಂಡು ಅಂಗಡಿಯವನು ಅರ್ಧ ಸೈಕಲ್ಲು ಕೊಟ್ಟು ಕಳಿಸಿದ್ದಾನೆ ಎಂಬ ತೀರ್ಮಾನಕ್ಕೆ ಬಂದು, ಎಲ್ಲರೂ ಬೇಸರದಿಂದ ಕೆಲಸಕ್ಕೆ ಹೋದರು. ಇಪ್ಪತ್ತೊಂದು ಗೇರಿದೆ ಎಂದು ನಾನು ಕೂಗಿ ಹೇಳಿದ್ದು ಅವರ ಬೆನ್ನಿಗೆ.

ಗೇರಿನ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಮೂರೇಳಲಿ ಇಪ್ಪತ್ತೊಂದು. ಏರು ಬಂದಾಗ ಮುಂದಿನ ಸಣ್ಣದಕ್ಕೆ, ಹಿಂದಿನ ದೊಡ್ಡದಕ್ಕೆ ಚೈನು ಹಾಕಬೇಕು. ನನ್ನದರಲ್ಲಿ ಮುಂದಿನದಕ್ಕೆ 24 ಹಲ್ಲು, ಹಿಂದಿನದಕ್ಕೆ 34. ಪೆಡಲು ಒಂದು ಪೂರ್ತಿ ಸುತ್ತು ಬಂದರೂ ಹಿಂದಿನ ಚಕ್ರ ಮುಕ್ಕಾಲು ಸುತ್ತೂ ತಿರುಗುವುದಿಲ್ಲ, ಸೈಕಲ್ಲು ಒಂದೂವರೆ ಮೀಟರಿನಷ್ಟು ಮುಂದೆ ಹೋದರೆ ಹೆಚ್ಚು. ತುಳಿಯಲು ಹಗುರವೇ, ಸುಳ್ಳಲ್ಲ. ಆದರೆ ನಿಮಿಷಕ್ಕೆ ನಲವತ್ತು ಸಲ ತುಳಿದರೆ ಗಂಟೆಗೆ ಮೂರೂವರೆ ಕಿಲೋಮೀಟರ್ ವೇಗ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬರು ನನ್ನ ಪಕ್ಕದಲ್ಲೇ ನಡೆದು ಬಂದು, ಯಾವ ಊರು, ಎಷ್ಟು ಮಕ್ಕಳು ಎಂದೆಲ್ಲ ವಿಚಾರಿಸಿ, "ಬರ್ತೇನೆ, ನೀವು ನಿಧಾನ ಬನ್ನಿ" ಎಂದು ಮುಂದೆ ಹೋದ ಮೇಲೆ ನನಗೆ ಈ ಲೆಕ್ಕ ಮಾಡಲು ಬಿಡುವು ಸಿಕ್ಕಿತು.

ಅಂದು ನಾನು ಹೊರಟಿದ್ದು ಕುದುರೆಮುಖ ಪೇಟೆಗೆ. ಕಬ್ಬಿಣದ ಅದಿರಿನ ಗಣಿಗೆಂದೇ ಕಟ್ಟಿದ ಊರು ಅದು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಜನ ಖಾಲಿಯಾದ ಊರನ್ನು ಸೈಕಲ್ಲಿನ ಮೇಲೆ ಕೂತು ವಿಷಾದದಿಂದ ನೋಡಬೇಕೆಂದು ನನ್ನ ಆಸೆ. ಸಂಸೆಯ ಚಹಾ ತೋಟದ ಹತ್ತಿರ ವಿಷಾದ ತಾನಾಗಿಯೇ ಬಂದದ್ದರಿಂದ ಅಲ್ಲೇ ಇಳಿದೆ. ಇಳಿದು ತಳ್ಳತೊಡಗಿದ್ದೇ ತಡ, ದಾರಿಯಲ್ಲಿ ಹೋಗುವ ಒಂದೊಂದು ವಾಹನವೂ ನಿಲ್ಲತೊಡಗಿತು. ಮಲೆನಾಡಿನವರ ಔದಾರ್ಯದಲ್ಲಿ ಇದೊಂದು ತೊಂದರೆ, ಸುಮ್ಮನೆ ಕಷ್ಟಪಡಲು ಬಿಡುವುದಿಲ್ಲ. "ಪಂಚರ್ರಾ?" ಅಲ್ಲ. "ಚೈನ್ ಹೋಯ್ತಾ?" ಇಲ್ಲ. "ಮತ್ತೆಂಥ?" ವ್ಯಾಯಾಮಕ್ಕೆ ಎಂದೆ. ಜೀಪಿನವರು ಒಳಗಿದ್ದವರ ಮುಖ ನೋಡಿ, ಇಳಿದು ಬಂದು, ನನ್ನ ಹಣೆ ಮುಟ್ಟುವುದೊಂದು ಬಾಕಿ. ಕೊನೆಗೆ ಬಾಳೆಗೊನೆ ತುಂಬಿದ ಪಿಕಪ್ಪಿನವರೊಬ್ಬರು ಹೆಚ್ಚು ಕೇಳದೆ ಸೈಕಲ್ಲನ್ನು ಗೊನೆಗಳ ಮೇಲೆ ಮಲಗಿಸಿ, ನನ್ನನ್ನು ಮುಂದೆ ಕೂರಿಸಿಕೊಂಡು, ನೇರ ದೊಡ್ಡಮ್ಮನ ಮನೆ ಬಾಗಿಲಿಗೆ ಒಪ್ಪಿಸಿದರು. ಯಾರ ಮನೆ ಎಂದು ನಾನು ಹೇಳಿರಲಿಲ್ಲ. ಊರಿಗೆಲ್ಲ ಗೊತ್ತಾಗಿತ್ತು.

ಶಾಂತಿಯ ಕಥೆ ಬೇರೆ. ಬೆಳಕು ಹರಿಯುವ ಮೊದಲೇ ಯಾರೋ ಹುಡುಗ ಹಿತ್ತಿಲಲ್ಲಿ ನಿಂತು ರಾಗವಿಲ್ಲದ ಶಿಳ್ಳೆ ಹಾಕತೊಡಗುತ್ತಾನೆ. ಎದ್ದು ಬೈಯಲು ಹೋದರೆ ಹುಡುಗನಿಲ್ಲ. ಅದು ಸರಳೆ ಸಿಳ್ಳಾರ ಎಂಬ ಹಕ್ಕಿಯಂತೆ. ಅದು ಮುಗಿಸುವ ಹೊತ್ತಿಗೆ ಮಂಗಗಳನ್ನು ಓಡಿಸಲು ಎದುರು ತೋಟದವರು ಗರ್ನಾಲು ಸಿಡಿಸುತ್ತಾರೆ, ಕೆಳಗಿನ ತೋಟದಲ್ಲಿ ಕಳೆ ಕೊಚ್ಚುವ ಯಂತ್ರ ಶುರುವಾಗುತ್ತದೆ. ಮಂಗಗಳಿಗೆ ಎಲ್ಲ ರೂಢಿಯಾಗಿದೆ. ಹಾಸಿಗೆಯಿಂದ ಹಾರಿದವನು ನಾನೊಬ್ಬನೇ.

ಚಾರಣ ನಡೆದದ್ದು ಹೀಗೆ. ಆ ಮನೆಗೆ ನೀರು ಬರುವುದು ಗುಡ್ಡದ ಮೇಲಿನ ಅಬ್ಬಿಯಿಂದ. ಝರಿಗೆ ಕಲ್ಲು ಮಣ್ಣಿನ ಸಣ್ಣ ಕಟ್ಟ, ಅಲ್ಲಿಂದ ಕಾಡಿನ ನೆಲದ ಮೇಲೆ ಮಲಗಿಕೊಂಡೇ ಬರುವ ಕಪ್ಪು ಪೈಪು. ಪಂಪಿಲ್ಲ, ಕರೆಂಟಿಲ್ಲ, ಬಿಲ್ಲಿಲ್ಲ. ಎಲೆಯೋ ಏಡಿಯೋ ಸಿಕ್ಕಿಕೊಂಡರೆ ನೀರಿಲ್ಲ. ಅಂದು ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕಿಯಾಗಿತ್ತು, ಹಂಡೆ ತುಂಬಿರಲಿಲ್ಲ, ಮಕ್ಕಳು ಟವೆಲ್ಲು ಹಿಡಿದು ನಿಂತಿದ್ದರು. "ಪೈಪು ಕಟ್ಟಿದೆ, ಬಿಡಿಸಿ ಬರ್ತೇನೆ" ಎಂದು ದೊಡ್ಡಮ್ಮ ಸೆರಗು ಸಿಕ್ಕಿಸಿ, ಕತ್ತಿ ಹಿಡಿದು ಹೊರಟರು. ಎಪ್ಪತ್ತು ದಾಟಿದ ಜೀವ. ಗಂಡಸಾಗಿ ಸುಮ್ಮನಿರಲಾದೀತೇ? ನಿಲ್ಲಿ ದೊಡ್ಡಮ್ಮ, ನಾನೂ ಬಂದೆ ಎಂದೆ. ನನ್ನ ಬೂಟಿನ ದಾರ ಬಿಗಿಯುವವರೆಗೆ ಅವರು ಹವಾಯಿ ಚಪ್ಪಲಿಯಲ್ಲಿ ನಿಂತು ಕಾದರು.

ದಾರಿ ಎಂಬುದು ಪೈಪೇ. ಅದು ಹೋದಲ್ಲೆಲ್ಲ ನಾವು ಹೋಗಬೇಕು, ಪೈಪಿಗೋ ಏದುಸಿರಿಲ್ಲ. ನನ್ನ ಎರಡು ಕೋಲುಗಳಲ್ಲಿ ಒಂದು ಬಿದಿರ ಮೆಳೆಯಲ್ಲಿ ಸಿಕ್ಕಿಕೊಂಡರೆ, ಬಿಡಿಸುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಗಿಡ್ಡವಾಗುತ್ತಿತ್ತು. ದೊಡ್ಡಮ್ಮ ಮುಂದೆ ಹೋಗಿ, ನಿಂತು, ನಾನು ಕಾಣಿಸಿದ ಮೇಲೆ ಮತ್ತೆ ಹೊರಡುವರು. ಸುಮ್ಮನೆ ನಿಲ್ಲುವ ಅಭ್ಯಾಸ ಅವರಿಗಿಲ್ಲ. ನಿಂತಲ್ಲೆಲ್ಲ ಬಗ್ಗಿ ಒಂದೆಲಗ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಕಡೆ ಕೈಗಡಿಯಾರ ಗುಂಯ್‌ಗುಟ್ಟಿ, ನೀವು ವ್ಯಾಯಾಮ ಮಾಡುತ್ತಿರುವಂತಿದೆ, ದಾಖಲಿಸಲೇ ಎಂದು ಕೇಳಿತು. ಉತ್ತರ ಕೊಡಲು ಉಸಿರಿರಲಿಲ್ಲ.

ಹಳ್ಳದ ಪಕ್ಕದ ತೇವದಲ್ಲಿ ಉಂಬಳ. ದೊಡ್ಡಮ್ಮನ ಕಾಲು ಬರಿದು, ಹತ್ತಿದ್ದು ಕಾಣುತ್ತದೆ. ಬಾಯಲ್ಲಿದ್ದ ಹೊಗೆಸೊಪ್ಪಿನ ರಸ ಬೆರಳಿಗೆ ತಾಗಿಸಿ ಮುಟ್ಟಿದರೆ ಅದು ಸುರುಟಿಕೊಂಡು ಉದುರುತ್ತದೆ. ನನ್ನ ಬೂಟು ನೀರು ಒಳಗೆ ಬಿಡದಂಥದ್ದು, ಹಾಗೆಂದು ಡಬ್ಬದ ಮೇಲೆ ಬರೆದಿತ್ತು. ದಾರದ ತೂತಿನ ಮೂಲಕ ನೂಲಿನಷ್ಟು ಸಣ್ಣಗಾಗಿ ಒಳಹೊಕ್ಕು, ಕಾಲುಚೀಲದೊಳಗೆ ಕೂತು, ಹೆಬ್ಬೆರಳ ಗಾತ್ರಕ್ಕೆ ಊದುವವರ ಬಗ್ಗೆ ಏನೂ ಬರೆದಿರಲಿಲ್ಲ. ನೋವಾಗುವುದಿಲ್ಲ, ಅದೇ ಮೋಸ. ರಕ್ತ ಹೆಪ್ಪುಗಟ್ಟದಂತೆ ಅದು ತನ್ನ ಜೊಲ್ಲು ಸೇರಿಸಿರುತ್ತದಾದ್ದರಿಂದ ಕಿತ್ತ ಮೇಲೂ ಸುರಿಯುತ್ತಲೇ ಇರುತ್ತದೆ. ಬೂಟು ಬಿಚ್ಚಿದಾಗ ಕಾಲುಚೀಲದ ಬಣ್ಣ ನೋಡಿ ನನಗೆ ಕಣ್ಣು ಕತ್ತಲೆ ಬಂತು. ದೊಡ್ಡಮ್ಮ ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ನನ್ನದೇ ನಳಿಗೆಯಿಂದ ನನಗೆ ನೀರು ಕುಡಿಸಿ, ತಾವು ಕಟ್ಟಕ್ಕೆ ಇಳಿದರು. ಪೈಪಿನ ಬಾಯಿಗೆ ಕಟ್ಟಿದ್ದ ಹಳೆ ಸೊಳ್ಳೆಪರದೆಯ ತುಂಡು ಬಿಚ್ಚಿ, ಎಲೆ ಬಳಿದು ತೆಗೆದು, ಒಳಗಿದ್ದ ಏಡಿಯನ್ನು ಬೆನ್ನು ಹಿಡಿದು ಎತ್ತಿ ಆಚೆ ಬಿಟ್ಟು, ಅಂಗೈಯಿಂದ ನಾಲ್ಕು ಸಲ ಬಡಿದರು. ಪೈಪು ಗೊಟಕ್ ಎಂದು ಗಾಳಿ ನುಂಗಿತು. "ಆಯ್ತು. ಏಳ್ತೀರಾ, ಯಾರನ್ನಾದ್ರೂ ಕಳಿಸ್ಲಾ?" ಎಂದರು.

ಮಧ್ಯಾಹ್ನ ಊಟಕ್ಕೆ ಒಂದೆಲಗದ ತಂಬುಳಿ. ಕೆಲಸದವರಿಗೂ ಬಡಿಸಿ ಮಿಕ್ಕಿತು. ದೊಡ್ಡಪ್ಪ ಎರಡನೇ ಸಲ ಹಾಕಿಸಿಕೊಂಡು, "ಏನೇ ಇದು, ಇವತ್ತು ಇಷ್ಟೊಂದು ಸೊಪ್ಪು!" ಎಂದರು. "ಅಳಿಯಂದ್ರು ಜೊತೆಗೆ ಬಂದಿದ್ರಲ್ಲ" ಎಂದರು ದೊಡ್ಡಮ್ಮ. ಹೆಂಡತಿ ಅನ್ನವನ್ನು ಗಬಗಬನೆ ತಿನ್ನತೊಡಗಿದಳು.

ರಾತ್ರಿ ಜಗುಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹೆಂಗಸರೆಲ್ಲ ಅಡಿಕೆ ಸುಲಿಯುತ್ತಿದ್ದರು, ನನ್ನ ಹೆಂಡತಿಯೂ. ಮಕ್ಕಳು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರ ತಿರುಗಿಸುತ್ತಿದ್ದವು. ಆ ಊರಿನಲ್ಲಿ ಅದು ಅತಿ ಹೆಚ್ಚು ವೇಗ ಕಂಡದ್ದು ಆಗಲೇ. ನಾನು ಗಾಯಕ್ಕೆ ಒತ್ತಿದ ಕಾಫಿಪುಡಿ ಉದುರದಂತೆ ಕಾಲು ಚಾಚಿ ಆರಾಮಕುರ್ಚಿಯಲ್ಲಿದ್ದೆ. ಹೆಂಡತಿಯ ಮೊಬೈಲು ಬಡಿದುಕೊಂಡಿತು, ಅವಳಮ್ಮ. ಸಿಗ್ನಲ್ ಸರಿಯಾಗಿ ಸಿಗುವುದು ತುಳಸಿಕಟ್ಟೆಯ ಬಲಗಡೆ ಒಂದೇ ಜಾಗದಲ್ಲಿ, ಅಲ್ಲಿ ನಿಂತವರು ಕೂಗಿಯೇ ಮಾತಾಡುವುದರಿಂದ ಅವಳ ಮಾತು ಇಡೀ ತೋಟಕ್ಕೆ ಕೇಳಿಸಿತು.

"ಹೂಂ ಅಮ್ಮಾ, ಎಲ್ಲ ಚೆನ್ನಾಗಿದ್ದೀವಿ... ಅವರಾ? ಪರವಾಗಿಲ್ಲ, ಈಗ ಸುಧಾರಿಸ್ಕೊಂಡಿದ್ದಾರೆ. ದೊಡ್ಡಮ್ಮನೇ ಕೈ ಹಿಡ್ಕೊಂಡು ಸ್ವಲ್ಪ ಸ್ವಲ್ಪ ನಡೆಸ್ತಿದ್ದಾರೆ."