ಯಾರನ್ನೂ ಕೇಳದವನು

ಅಮಾಸೆಬೈಲಿನ ಕಡೆ ಮನೆಗಳ ವಿಳಾಸ ಇರುವುದು ಜನರ ಬಾಯಲ್ಲಿ. ಹೊಳೆ ದಾಟಿ, ಅಡಿಕೆ ತೋಟದ ಅಂಚು ಹಿಡಿದು, ಎದುರು ಸಿಕ್ಕ ಇಬ್ಬರನ್ನು ಕೇಳಿದರೆ ಮನೆ ಸಿಗುತ್ತದೆ. ಕೇಳದಿದ್ದರೆ ಮೊದಲು ಸಿಗುವುದು ಆ ಮನೆಯ ನಾಯಿ. ಇಂಥ ಊರಲ್ಲಿ ಬೆಳೆದ ಮಾಣಿ ಬೆಂಗಳೂರು ಸೇರಿ, ಕಂಪನಿ ಕೆಲಸದ ಮೇಲೆ ಯುರೋಪಿಗೆ ಹೋಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೈಡಿನ ಹಂಗಿಲ್ಲದೆ ಪ್ರಾಗ್ ನಗರ ಸುತ್ತಿ ಬಂದನೆಂದರೆ ಬೇರೆಯೇ ಜಾತಿಗೆ ಸೇರಿದ ಹಾಗೆ. ರಜೆಯಲ್ಲಿ ಬಂದವನು ಬಾರ್ಕೂರನ್ನೂ ಹಾಗೆಯೇ ನೋಡಲು ಹೊರಡುತ್ತಾನೆ: ಅಗಲದ ಟೊಪ್ಪಿ, ಬೆನ್ನಿಗೆ ಚೀಲ, ಅಂಗೈಯಲ್ಲಿ ಫೋನು. ಯಾರನ್ನೂ ಕೇಳದೆ ನಡೆಯುವುದು ಅವನ ಹೆಮ್ಮೆ. ನನಗೋ ಇವನಷ್ಟು ವಿಧೇಯ ಪ್ರವಾಸಿ ಇನ್ನೊಬ್ಬ ಕಾಣೆ. ಫೋನು ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ. ಮುಂದೆ ಉತ್ತ ಗದ್ದೆಯಿದ್ದರೂ ಸರಿ.

ಪ್ರಾಗ್‌ನಲ್ಲಿ ಇದು ನಡೆದದ್ದು ಇವನ ಸಾಮರ್ಥ್ಯದಿಂದಲ್ಲ. ಅಲ್ಲಿ ಬೀದಿಗೊಂದು ಫಲಕ, ಮನೆಗೊಂದು ನಂಬರು, ನಗರವೇ ಗೈಡು. ಬಾರ್ಕೂರು ಹಾಗಲ್ಲ. ಆಳುಪರ ರಾಜಧಾನಿ, ವಿಜಯನಗರದ ಕಾಲಕ್ಕೆ ಬಾರಕೂರು ರಾಜ್ಯವೆಂಬ ಇಡೀ ಪ್ರಾಂತ್ಯದ ಕೇಂದ್ರ, ‘ಬಾರಕೂರು ಗದ್ಯಾಣ’ವೆಂದು ತನ್ನ ಹೆಸರಿನದೇ ನಾಣ್ಯ. ಇಷ್ಟೆಲ್ಲ ಮೆರೆದ ಊರು ಈಗ ಗದ್ದೆ ತೋಟಗಳ ನಡುವೆ ಸುಮ್ಮನೆ ಕೂತಿದೆ. ಅದರ ಫಲಕಗಳೆಲ್ಲ ಕೇರಿಯ ಹೆಸರುಗಳಲ್ಲಿವೆ: ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ. ಮೂಡು ಎಂದರೆ ಯಾವುದಕ್ಕೆ ಮೂಡು ಎಂದು ಜಗಲಿಯ ಮೇಲಿದ್ದವರನ್ನು ಕೇಳಿದರೆ ಸಾಕು, ಹಳೇ ಪಟ್ಟಣದ ನಕಾಶೆ ಬಿಚ್ಚಿಕೊಳ್ಳುತ್ತದೆ. ನಮ್ಮವನು ಕೇಳುವುದಿಲ್ಲ. ಕತ್ತಲೆ ಬಸದಿಯ ಎದುರು ನಿಂತು, ಬಿಸಿಲಿಗೆ ಕಾಣದ ಪರದೆಯನ್ನು ಟೊಪ್ಪಿಯ ನೆರಳಿಗೆ ಹಿಡಿದು, ಅದರಲ್ಲಿ ಕತ್ತಲೆ ಬಸದಿಯ ಚಿತ್ರ ನೋಡುತ್ತಾನೆ.

ಊರವರನ್ನು ಕೇಳಿದರೆ ಸಿಗುವುದು ಬರೀ ಅಂತೆಕಂತೆ ಎಂಬುದು ಅವನ ವಾದ. 365 ದೇವಸ್ಥಾನಗಳಿದ್ದವಂತೆ, ದಿನಕ್ಕೊಂದರಂತೆ! ಒಪ್ಪೋಣ, ಅದು ಯಾರೂ ಎಣಿಸಿ ಹೇಳಿದ ಲೆಕ್ಕವಲ್ಲ. ಆದರೆ ಪ್ರಾಗ್‌ನ ಖಗೋಳ ಗಡಿಯಾರದ ಕೆಳಗೆ ಕತ್ತೆತ್ತಿ ನಿಂತು ಇವನು ಕೇಳಿಸಿಕೊಂಡ ಕಥೆಯೇನು? ಇಂಥದ್ದು ಇನ್ನೊಂದು ಆಗಬಾರದೆಂದು ಅದನ್ನು ಮಾಡಿದ ಹನುಶ್‌ನ ಕಣ್ಣು ಕೀಳಿಸಿದರಂತೆ. ಗಡಿಯಾರ 1410ರದ್ದು, ಮಾಡಿದವನು ಮಿಕುಲಾಶ್ ಎಂದು ಇತಿಹಾಸಕಾರರು ತೋರಿಸಿ ಎಷ್ಟೋ ಕಾಲವಾಯಿತು. ಇಯರ್‌ಫೋನಿನಲ್ಲಿ ಬಂದ ಅಂತೆಕಂತೆ ಇತಿಹಾಸ, ಜಗಲಿಯಿಂದ ಬಂದ ಇತಿಹಾಸ ಅಂತೆಕಂತೆ! ಇನ್ನೊಂದು ದೂರು, ದಾರಿ ಕೇಳಿದರೆ ಜಾತಕವನ್ನೇ ಕೇಳುತ್ತಾರೆ ಎಂಬುದು. ಸುಳ್ಳಲ್ಲ. “ಹ್ವಾಯ್, ಯಾರ್ ಮನಿ ಮಾಣಿ?” ಎಂಬಲ್ಲಿಂದ ಶುರುವಾದದ್ದು ಅಮಾಸೆಬೈಲಿನ ಅಜ್ಜನವರೆಗೆ ಹೋಗದೆ ನಿಲ್ಲದು. ಆದರೆ ಅದು ಇಲ್ಲಿನ ಪ್ರವೇಶ ಟಿಕೆಟ್ಟು, ಪ್ರಾಗ್‌ನದ್ದಕ್ಕಿಂತ ಅಗ್ಗ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಇದೇ ಊರನ್ನು ಫಾಕನೂರು ಎಂದು ಬರೆದು, ಆಳುವವನ ಹೆಸರನ್ನೂ ಇಲ್ಲಿನ ಕಬ್ಬನ್ನೂ ದಾಖಲಿಸಿದ. ಕೇಳದೆ ಸಿಗುವ ಸಂಗತಿಗಳೇ ಅವು?

ನಮ್ಮವನು ಮಾತ್ರ ಮಧ್ಯಾಹ್ನದ ತನಕ ಕೋಟೆಗಾಗಿ ಹುಡುಕುತ್ತಾನೆ. ಕೊನೆಗೆ ಫೋನಿನ ಚಾರ್ಜು ಮುಗಿದಾಗ, ಹುಲ್ಲು ಹೊತ್ತು ಬರುವ ಹೆಂಗಸನ್ನು ತಡೆದು ಕೋಟೆ ಎಲ್ಲಿ ಎನ್ನುತ್ತಾನೆ. ಅವಳು ಹೊರೆ ಇಳಿಸದೆಯೇ ಅವನ ಕಾಲ ಬುಡ ನೋಡುತ್ತಾಳೆ: “ನೀವ್ ನಿಂತ್ಕಂಡದ್ದೇ ಕ್ವಾಟಿ ಮೇಲೆ ಮಾರಾಯ್ರೆ.”