ಯಾರರ ಮೊದ್ಲ ನೋಡ್ಲಿ ತಡೀರಿ!

ಗುರುವಾರ ಸಂಜೀಕ ಕೈಗೆ ಮೊಬೈಲ್ ಬಂತಂದ್ರ ನೀವು ಸೆನ್ಸಾರ್ ಬೋರ್ಡಿನ ಮೆಂಬರೇ ಬಿಡ್ರಿ. ಈ ವಾರ ಯಾವ್ಯಾವ ಸಿನ್ಮಾ ಬರ್ತಾವು, ಹೀರೋ ಯಾರು, ಎಷ್ಟು ತಾಸಿಂದು, ಎಲ್ಲಾ ಬಾಯಿಪಾಠ. ಎರಡು ನಿಮಿಷದ ಟ್ರೇಲರ್‌ನ್ಯಾಗ ಅರ್ಧ ನೋಡಿ, 'ಏ, ಕಥಿ ಗೊತ್ತಾತು ಬಿಡೋ' ಅಂತ ತೀರ್ಪು ಕೊಟ್ಟೇ ಬಿಡ್ತೀರಿ. ಹೌದಲ್ರೀ?

ಪಟ್ಟಿನೂ ವಾರಾವಾರ ಒಂದ ನಮೂನಿ. ಒಂದು ದೊಡ್ಡ ಹೀರೋಂದು (ಬಹಳ ಸಲ ತೆಲುಗಿಂದ; ನಮ್ಮದು ಸಿಂಧನೂರು ಸೀಮಿ, ಸುತ್ತ ತೆಲುಗು ಮಂದಿ ಕ್ಯಾಂಪುಗಳು, ಕೇಳಬೇಕೇನ್ರಿ?). ಅದರ ಬಾಜೂಕ ಹೊಸ ಹುಡುಗ್ರವು ಮೂರ್ನಾಕು ಕನ್ನಡ ಸಿನ್ಮಾ. ಪೋಸ್ಟರ್ ತುಂಬ ಗಡ್ಡದವರ (ಗಡ್ಡ ಇಲ್ದವ ಒಬ್ಬ ಇದ್ರ ಅಂವ ಪೊಲೀಸ್ ಅಂತ ತಿಳೀರಿ).

ಸಿನ್ಮಾ ಬರೋದು ಶುಕ್ರವಾರ ಅನ್ನೋದೂ ಈಗ ಹೆಸರಿಗಷ್ಟ. ಕೆಜಿಎಫ್ ಎರಡನೇದು ಬಂದಿದ್ದು 2022ರ ಏಪ್ರಿಲ್ 14, ಗುರುವಾರ. ಕಾಂತಾರ ಚಾಪ್ಟರ್ 1 ಬಂದಿದ್ದು 2025ರ ಅಕ್ಟೋಬರ್ 2, ಅದೂ ಗುರುವಾರ. ದೊಡ್ಡೋರು ರಜಾ ನೋಡಿ ಬರ್ತಾರ, ಸಣ್ಣೋರಿಗೆ ಶುಕ್ರವಾರನ ಗತಿ.

ಅಂದಂಗ, ಕೆಜಿಎಫ್ ಅಂದ ಕೂಡ್ಲೆ ನೆನಪಾತು. ಕೋಲಾರದ ಗಣಿ 2001ರಾಗ ಬಂದ್ ಆತು. ನಮ್ಮ ಲಿಂಗಸುಗೂರು ತಾಲೂಕಿನ ಹಟ್ಟಿಯೊಳಗ ಇವತ್ತಿಗೂ ಬಂಗಾರ ತೆಗೀತಾರ. ಅತ್ಲಾಗ ಒಂದಿನ ಹಣಿಕಿ ಹಾಕಿಲ್ಲ ನೀವು, ಮುಚ್ಚಿದ ಗಣಿ ನೋಡಾಕ ಮಾತ್ರ ಫಸ್ಟ್ ಶೋಕ್ಕ ಪಾಳಿ ಹಚ್ಚಿದ್ರಿ!

ಇರ್ಲಿ, ಸಣ್ಣ ಸಿನ್ಮಾಕ್ಕ ಬರೋಣು. ನಮ್ಮೂರು ವಳಕಮದಿನ್ನಿ ಕಟ್ಟಿ ಮ್ಯಾಲ ಕುಂತು ನೀವು ಹೇಳೋದು ಒಂದ ಮಾತು: 'ಯಾರರ ಮೊದ್ಲ ನೋಡ್ಲಿ ತಡೀರಿ.' ಆ ಯಾರರ ಅನ್ನೋ ಮನಿಷ್ಯಾ ಮಸ್ಕ್ಯಾಗ ಕುಂತು ನಿಮ್ಮ ಸಲುವಾಗಿ ಕಾಯ್ತಿರ್ತಾನ. ಇತ್ಲಾಗ ಟಾಕೀಸಿನವ ಶುಕ್ರವಾರದ ಮ್ಯಾಟಿನಿ ಗಲ್ಲಾ ಎಣಿಸಿ, ಶನಿವಾರ ಒಂದು ಶೋ ಕಡಿಮಿ ಮಾಡ್ತಾನ, ಸೋಮವಾರ ಪೋಸ್ಟರ್ ಮ್ಯಾಲ ಪೋಸ್ಟರ್ ಬಡೀತಾನ. ಮಂಗಳವಾರ ನೀವು, 'ಚಲೋ ಐತಂತಲ್ಲ, ಹೋಗೋಣೇನು?'

ಸು ಫ್ರಮ್ ಸೋ ಸಿನ್ಮಾ ನೆನಪೈತಲ್ಲ? 2025ರ ಜುಲೈ 25, ಅಪ್ಪಟ ಶುಕ್ರವಾರ. ಜೆ.ಪಿ. ತುಮಿನಾಡು ಅನ್ನೋ ಹೊಸ ಡೈರೆಕ್ಟರು, ದೊಡ್ಡ ಹೀರೋ ಇಲ್ಲ. ನೋಡಿ ಬಂದ ಮಂದಿ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿಸಿ ಶೋ ಹೆಚ್ಚು ಮಾಡೋಹಂಗ ಆತು. ಆ ಬಾಯಿಯೊಳಗ ನಿಮ್ಮದು ಇರಲಿಲ್ಲ (ನಿಮ್ಮ ಬಾಯಾಗ ಆವಾಗ ಮಿರ್ಚಿ ಇತ್ತು). ಆದ್ರ ಹಿಟ್ ಆದ ಮ್ಯಾಲ 'ನಾ ಮೊದ್ಲ ಹೇಳಿದ್ನೆಲ್ಲೋ' ಅಂದವರು ಯಾರು ಮತ್ತ?

ಟಿಕೆಟ್ ತುಟ್ಟಿ ಅಂತೀರಿ. 2025ರ ಸೆಪ್ಟೆಂಬರ್‌ನ್ಯಾಗ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕ್ತು, ಹೈಕೋರ್ಟ್ ಅದಕ್ಕ ತಡಿ ಕೊಡ್ತು. ಮಲ್ಟಿಪ್ಲೆಕ್ಸಿನ ಬಾಗಿಲಾ ನೋಡ್ಲಾರ್ದವರು ನೀವು, ವಾರಗಟ್ಟಲೆ ಅದರ ಮ್ಯಾಲ ಚರ್ಚಾ ಮಾಡಿದ್ರಿ. ಚರ್ಚಾದಾಗ ಕುಡಿದ ಚಾದ ರೊಕ್ಕ ಲೆಕ್ಕಾ ಹಾಕ್ರಿ, ಬಾಲ್ಕನಿ ಟಿಕೆಟ್ ಬರ್ತಿತ್ತು.

ಬಸ್ ಚಾರ್ಜ್ ಅಂತೀರೇನು? ಮನಿ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ ಫ್ರೀ. ಎಲ್ಲಾರೂ ಕೂಡಿ ಸಿಂಧನೂರಿಗೆ ಹೊಂಟ್ರ ಬಸ್ಸಿಗೆ ನಿಮ್ಮೊಬ್ಬರದ ಖರ್ಚು, ಸಿನ್ಮಾ ಟಿಕೆಟ್ ಮಾತ್ರ ಎಲ್ಲಾರದೂ ತೆಗೀಬೇಕು. ಅದಕ್ಕ ಅಲ್ಲೇನ್ರೀ ಮನ್ಯಾಗ ಸಿನ್ಮಾದ ಸುದ್ದಿ ತೆಗೀದ ಕಟ್ಟಿ ಮ್ಯಾಲ ಅಷ್ಟ ತೆಗಿಯೋದು? (ಅಕ್ಕೋರಿಗೆ ನಾ ಹೇಳೋದಿಲ್ಲ ಬಿಡ್ರಿ.)

ಈ ವಾರ ಪಟ್ಟಿ ಹಂಗ ನೋಡ್ರಿ, ಕೆಳಗಿಂದ ಮ್ಯಾಕ. ನಿಮಗ ಹೆಸರಾ ಗೊತ್ತಿಲ್ದ ಹೀರೋನ ಒಂದು ಸಿನ್ಮಾ ಆರಿಸ್ರಿ. ಮಂಗಳವಾರ ಅಲ್ಲ, ಶುಕ್ರವಾರದ ಮ್ಯಾಟಿನಿ. ಗಾಡಿ ನಿಮ್ದು, ಇಂಟರ್ವಲ್‌ಗೆ ಮಂಡಾಳ ಒಗ್ಗರಣಿ ನಂದು. ಟಿಕೆಟ್ ಯಾರು ತೆಗೀಬೇಕು ಅನ್ನೋದನ್ನ ಕೌಂಟರ್ ಮುಂದ ನಿಂತು ಜಗಳಾಡೋಣಂತ, ಬರ್ರಿ.