ನಂಬರೊಂದು ಸಿಕ್ಕರೆ ಸಾಕು: ಹಳೆಯ ಇಟಾಲಿಯನ್ ರೇಸ್ ಕಾರು ಕಟ್ಟಿ ಮಾರುವ ಕೈಪಿಡಿ

ಮೊದಲು ನಂಬರ್ ಕೊಳ್ಳಿ. ಕಾರನ್ನು ಆಮೇಲೆ ನೋಡಿಕೊಂಡರಾಯಿತು. 2023ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ 1954ರ ಫೆರಾರಿ 500 ಮೊಂಡಿಯಾಲ್ ಒಂದು 18.75 ಲಕ್ಷ ಡಾಲರ್‌ಗೆ ಹರಾಜಾಯಿತು. ಅರವತ್ತರ ದಶಕದಲ್ಲಿ ಗುದ್ದಿಸಿಕೊಂಡು ಹೊತ್ತಿ ಉರಿದ ಗಾಡಿ ಅದು. ಮೈಯೆಂದು ಉಳಿದದ್ದು ಮುದುಡಿದ ತಗಡು. ಗುಜರಿಯವನಾಗಿದ್ದರೆ ತಕ್ಕಡಿ ತರುತ್ತಿದ್ದ. ಆದರೆ ಆ ತಗಡಿಗೆ 0406 ಎಂಡಿ ಎಂಬ ಚಾಸಿ ನಂಬರ್ ಇತ್ತು. ಲಕ್ಷಗಳು ಬಿದ್ದದ್ದು ಅದಕ್ಕೆ.

ಎಚ್ಚರಿಕೆ: ಒಂದು ನಂಬರಿಗೆ ಒಬ್ಬನೇ ಯಜಮಾನ ಎಂದು ನಂಬಬೇಡಿ. ಫೆರಾರಿ 375 ಪ್ಲಸ್ ಒಂದು ಅಮೆರಿಕದ ಓಹಾಯೊದಲ್ಲಿ ಕಳುವಾಗಿ, ಬೆಲ್ಜಿಯಂ ಸೇರಿ, ಅಲ್ಲಿ ಹೊಸದಾಗಿ ಮೈತುಂಬಿಕೊಂಡಿತು. ಮೂಲ ಕಾರಿನ ಕೆಲವು ಭಾಗಗಳು ಮಾತ್ರ ಓಹಾಯೊದಲ್ಲೇ ಉಳಿದವು. 2014ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಅದು ಒಂದು ಕೋಟಿ ಪೌಂಡ್ ದಾಟಿ ಹರಾಜಾದ ಮೇಲೂ ವ್ಯಾಜ್ಯ ಮುಗಿಯಲಿಲ್ಲ. ಸ್ಪ್ಯಾನರ್ ಕೊಳ್ಳುವ ಮುಂಚೆ ವಕೀಲರನ್ನು ಹುಡುಕಿ.

ಇನ್ನು ಬಾಡಿ. ಮೊಡೆನಾದಲ್ಲಿ ಸರ್ಜಿಯೊ ಸ್ಕಾಲಿಯೆಟ್ಟಿಯ ಕೆಲಸಗಾರರು ಅಲ್ಯೂಮಿನಿಯಂ ತಗಡನ್ನು ಮರಳುಚೀಲದ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದು, ಕಣ್ಣಳತೆಯಲ್ಲೇ ತಿರುವು ತರುತ್ತಿದ್ದರು. ಹಾಗಾಗಿ ಎಡಗಡೆಯ ಮಡ್‌ಗಾರ್ಡಿಗೂ ಬಲಗಡೆಯದಕ್ಕೂ ತುಸು ವ್ಯತ್ಯಾಸ ಕಂಡರೆ ಗಾಬರಿಬೇಡ, ಹಿಗ್ಗಿ. ನಿಮ್ಮ ಟಿಂಕರ್ ಕೆಲಸದವನು ಶ್ರದ್ಧಾವಂತನಾದರೆ ಟೇಪು ಹಿಡಿದು ಎರಡನ್ನೂ ಸಮ ಮಾಡಲು ಹೊರಡುತ್ತಾನೆ. ತಡೆಯಿರಿ. ಅಂಥವನೊಬ್ಬ ಹಿಂದೆಯೇ ಸಮ ಮಾಡಿಬಿಟ್ಟಿದ್ದರೆ, ಹಳೆಯ ರೇಸಿನ ಫೋಟೊಗಳನ್ನು ಹುಡುಕಿಸಿ, ಭೂತಗನ್ನಡಿ ಹಿಡಿದು, ಆ ಸೊಟ್ಟವನ್ನು ಇದ್ದಂತೆಯೇ ಮತ್ತೆ ತರಿಸಬೇಕು. ಸೊಟ್ಟದ ಕೂಲಿ ನೆಟ್ಟಗಿನದಕ್ಕಿಂತ ಹೆಚ್ಚು. ಬಾಡಿ ಮಿಲಾನಿನ ಟೂರಿಂಗ್ ಕಂಪನಿಯ ‘ಸೂಪರ್‌ಲೆಜ್ಜೆರಾ’ ಆಗಿದ್ದರೆ ಕಾಟವೇ ಬೇರೆ: ತೆಳು ಉಕ್ಕಿನ ಕೊಳವೆಗಳ ಹಂದರಕ್ಕೆ ಅಲ್ಯೂಮಿನಿಯಂ ಹೊದಿಸಿರುತ್ತಾರೆ; ಎರಡು ಲೋಹ ತಾಗಿದ ಕಡೆ ತೇವ ಸೇರಿತೋ, ಅಲ್ಯೂಮಿನಿಯಂ ಒಳಗಿಂದಲೇ ಪುಡಿಯಾಗುತ್ತದೆ.

ಎಂಜಿನ್ ಕೂಡಿಸಿ. ಆರು ವೆಬರ್ ಕಾರ್ಬುರೇಟರ್, ಹನ್ನೆರಡು ಗಂಟಲು. ಎಲ್ಲವೂ ಒಂದೇ ಸಮ ಉಸಿರೆಳೆಯುವವರೆಗೆ ಟ್ಯೂನ್ ಮಾಡಿ. ಇದಕ್ಕೆ ಕಿವಿ ಬೇಕು, ಕೈಪಿಡಿ ಸಾಲದು. ಮುಂದಕ್ಕೆ ಹೋಗೋಣ.

ನಂಬರೇ ಸಿಗದವರು ಗರಗಸಕ್ಕೆ ಕೈಹಾಕುವುದುಂಟು. ಫೆರಾರಿ 250 ಜಿಟಿಒ ತಯಾರಾದದ್ದು ಕೇವಲ 36. ಅದರಲ್ಲೊಂದು 2018ರಲ್ಲಿ 4.84 ಕೋಟಿ ಡಾಲರ್‌ಗೆ ಹೋಯಿತು. ಅದೇ ವಂಶದ ವಿ12 ಎಂಜಿನ್ನಿನ, ನಾಲ್ಕು ಸೀಟಿನ ಸಾಧು ಸಂಸಾರಿ ಗಾಡಿ 250 ಜಿಟಿಇ ಒಂಬೈನೂರಕ್ಕೂ ಮಿಕ್ಕಿ ಬಂದಿತ್ತು. ಎಷ್ಟೋ ಜಿಟಿಇಗಳನ್ನು ಕೊಯ್ದು ಜಿಟಿಒ ವೇಷ ತೊಡಿಸಿದರು. ಈಗ ಅದೂ ಸಲೀಸಲ್ಲ: 2019ರಲ್ಲಿ ಬೊಲೊನ್ಯಾದ ನ್ಯಾಯಾಲಯ ಜಿಟಿಒವನ್ನು ನಕಲು ಮಾಡಬಾರದ ಕಲಾಕೃತಿಯೆಂದೇ ಒಪ್ಪಿಕೊಂಡಿತು. ಕೊಯ್ಯಿಸಿಕೊಂಡ ಜಿಟಿಇಗಳ ಪರ ವಾದಿಸುವವರು ಯಾರು ಹೇಳಿ!

ಮಾರುವಾಗ ವೇಗದ ಮಾತೆತ್ತಬೇಡಿ. ‘ಮಿಲ್ಲೆ ಮಿಲ್ಯಾಗೆ ಅರ್ಹ’ ಎನ್ನಿ. ಬ್ರೆಷಾದಿಂದ ರೋಮ್‌ಗೆ ಹೋಗಿ ಮರಳುವ ಆ ಸಾವಿರ ಮೈಲಿಯ ರೇಸು 1957ರ ಘೋರ ಅಪಘಾತದ ನಂತರ ನಿಂತಿತು. 1977ರಲ್ಲಿ ಶುರುವಾದ ಅದರ ಸ್ಮರಣೆಯ ಓಟಕ್ಕೆ 1927–57ರ ರೇಸುಗಳಲ್ಲಿದ್ದ ಮಾದರಿಗಳಿಗಷ್ಟೇ ಪ್ರವೇಶ. ಒಂದು ವರ್ಷ ತಡವಾಗಿ ಹುಟ್ಟಿದ ಕಾರಿನ ಮಾಲೀಕರ ಮುಖವನ್ನು ಆ ವಾರ ನೋಡದಿರುವುದು ಒಳ್ಳೆಯದು.

ಇಷ್ಟೆಲ್ಲ ಓದಿದ ಮೇಲೆ, ಅದೃಷ್ಟವಶಾತ್ ಯಾವುದೋ ಕೊಟ್ಟಿಗೆಯಲ್ಲಿ ಇಡೀ ಕಾರೇ ಸಿಕ್ಕಿಬಿಟ್ಟರೆ ಏನೂ ಮಾಡಬೇಡಿ. ಒಂದು ಕಾಲಕ್ಕೆ ನಟ ಅಲೆನ್ ದೆಲೊನ್ ಓಡಿಸಿದ್ದ 1961ರ ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹಳೆಯ ಪತ್ರಿಕೆಗಳ ರಾಶಿಯಡಿ ಬಿದ್ದಿತ್ತು. 2015ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಸಿಕ್ಕ ಸ್ಥಿತಿಯಲ್ಲೇ ಹರಾಜಿಗಿಟ್ಟರು, 1.6 ಕೋಟಿ ಯೂರೊ ಬಂತು. ಒದ್ದೆ ಬಟ್ಟೆ ಹಿಡಿದು ಬರುವವರು ಮನೆಯವರೇ ಆದರೂ ಕೊಟ್ಟಿಗೆಯ ಒಳಗೆ ಬಿಡಬೇಡಿ.